ಅಕ್ಕಾರಿಗೊಂದು ಪ್ರಶ್ನೆ: ಚೀನಾದ ಇಂಗ್ಲಿಷ್ ಪಾಠ, ಅಮೀನಗಡದ ಕರದಂಟು

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಜಾಸ್ತಿ ಇಂಗ್ಲಿಷ್ ಓದೂದರ ಬಗ್ಗೆನ ಅದಾವ. ಅದ್ರಾಗ ಮೂರು ನಾಕು ಪತ್ರ ಚೀನಾದ ಹೈಸ್ಕೂಲ್ ಹುಡುಗೂರ ಇಂಗ್ಲಿಷ್ ಪ್ರ್ಯಾಕ್ಟೀಸ್ ಬಗ್ಗೆ. ಎಲ್ಲಿ ಚೀನಾ ಎಲ್ಲಿ ಬಾಗಲಕೋಟಿ ಅಂತ ಮೊದ್ಲ ನನಗೂ ನಗು ಬಂತು, ಆದ್ರ ಓದಕೋತ ಹೋದಂಗ ಎಲ್ಲಾನೂ ಒಂದ ಕಡೆ ಕೂಡಿಸಿ ಉತ್ತರ ಬರೀಬೇಕು ಅನಸ್ತು. ಹೆಸರು ಹಾಕಬ್ಯಾಡ್ರಿ ಅಂದವ್ರೇ ಜಾಸ್ತಿ, ಹಿಂಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾವು ಮುಧೋಳ ಕಡೆಯವ್ರು, ಕಬ್ಬಿನ ಹೊಲ ಐತಿ. ಮಗಳು ಹತ್ತನೇತ್ತಾ ತನಕ ಕನ್ನಡ ಮೀಡಿಯಂ, ಈಗ ಪಿಯುಸಿ ಫಸ್ಟ್ ಇಯರ್ ಸೈನ್ಸ್, ಎಲ್ಲಾ ಇಂಗ್ಲಿಷ್ದಾಗ. ಲೆಕ್ಕ ಬರ್ತೈತಿ ಪಪ್ಪಾ, ಪ್ರಶ್ನಿ ಏನ್ ಕೇಳ್ಯಾರ ಅನ್ನೂದ ತಿಳಿಯಂಗಿಲ್ಲ ಅಂತ ಅಳ್ತಾಳ. ಅಕಿ ಕಾಕಾನ ಮಗ ಒಂದು ಪಿಡಿಎಫ್ ಕಳಿಸ್ಯಾನ, ಚೀನಾದ ಹೈಸ್ಕೂಲ್ ಹುಡುಗೂರ ಸಲುವಾಗಿ ಮಾಡಿದ್ದಂತ, ದಿನಾ ನಡಿಯೂ ವಿಷಯದ ಮ್ಯಾಲ ಸಣ್ಣ ಸಣ್ಣ ಇಂಗ್ಲಿಷ್ ಪಾಠ, ಕೆಳಗ ಎ ಬಿ ಸಿ ಡಿ ಒಳಗ ಒಂದು ಉತ್ತರ ಆರಸೂ ಪ್ರಶ್ನಿ. ನಮ್ಮ ಓಣ್ಯಾಗ ನಗಾಕತ್ತಾರ್ರಿ, ಇಂಗ್ಲಿಷ್ ಕಲಿಯಾಕ ಚೀನಾದವ್ರ ಪುಸ್ತಕ ಯಾಕೋ ಮಾರಾಯಾ, ಲಂಡನ್ದ್ದು ಸಿಗಲಿಲ್ಲೇನು ಅಂತ. ಓದಸೂದೋ ಬ್ಯಾಡೋ ಹೇಳ್ರಿ.

ಉತ್ತರ: ಓದಸ್ರಿ. ನಗೂವ್ರು ನಗ್ಲಿ ಬಿಡ್ರಿ.

ಲಂಡನ್ ಪುಸ್ತಕ ಬರದವ್ರು ಮನ್ಯಾಗ ಹುಟ್ಟಿದಾಗಿಂದ ಇಂಗ್ಲಿಷ್ ಕೇಳಿದ ಕೂಸಿಗೆ ಬರೀತಾರ. ಚೀನಾದ ಪುಸ್ತಕ ಬರಿಯೂದು ಮನ್ಯಾಗ, ಅಂಗಡ್ಯಾಗ, ಬಸ್ಸಿನಾಗ ಎಲ್ಲೂ ಇಂಗ್ಲಿಷ್ ಕಿವಿಗೆ ಬೀಳದ ಹುಡುಗೂರಿಗೆ. ನಿಮ್ಮ ಮಗಳು ಇವರಿಬ್ಬರೊಳಗ ಯಾರಿಗೆ ಹತ್ರ ಅಂತ ನೀವ ಹೇಳ್ರಿ. ಖರೇ ಹೇಳ್ಬೇಕಂದ್ರ ಅವ್ರಕಿಂತ ನಮ್ಮ ಹುಡುಗೂರ ಕಿವಿಗೆ ಇಂಗ್ಲಿಷ್ ಜಾಸ್ತಿನ ಬಿದ್ದಿರ್ತೈತಿ, ಸ್ವಿಚ್ಚು ಮಿಕ್ಸರ್ರು ಬ್ಯಾಲೆನ್ಸು ರಿಚಾರ್ಜು ಅಂತ ಎಮ್ಮಿ ಕಾಯಾವ್ರೂ ಅಂತಾರ.

ಅಲ್ಲಿ ಹುಡುಗೂರು ಯಾಕ ಹಂಗ ಗಂಟುಬಿದ್ದು ಓದ್ತಾರ ಅನ್ನೂದು ಗೊತ್ತಾದ್ರ ಆ ಪಿಡಿಎಫ್ ಹಂಗ್ಯಾಕ ಐತಿ ಅನ್ನೂದೂ ತಿಳಿತೈತಿ. ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಹೋಗಾಕ ಅವ್ರಿಗೆ ಗಾವೊಕಾವೊ ಅಂತ ಒಂದ ಪರೀಕ್ಷಾ, ಜೂನ್ 7ಕ್ಕ ಶುರು. 2024ರಾಗ 1 ಕೋಟಿ 34 ಲಕ್ಷ ಮಂದಿ ಹೆಸರು ಕೊಟ್ಟಿದ್ರು. ಭಾಳ ಕಡೆ ಒಟ್ಟು 750 ಮಾರ್ಕ್ಸ್, ಅದ್ರಾಗ ಇಂಗ್ಲಿಷ್ಗೆ 150, ಅಂದ್ರ ಗಣಿತಕ್ಕೆಷ್ಟೋ ಅಷ್ಟ. ಇಂಗ್ಲಿಷ್ ಕಿವಿಯಿಂದ ಕೇಳಿ ಉತ್ತರ ಬರಿಯೂ ಭಾಗನೂ ಐತಿ, ಅದು ನಡಿಯೂ ಹೊತ್ನ್ಯಾಗ ಪರೀಕ್ಷಾ ಸೆಂಟರ್ ಸುತ್ತಮುತ್ತ ಹಾರ್ನ್ ಹೊಡಿಯಂಗಿಲ್ಲ, ಕಟ್ಟಡದ ಕೆಲಸ ಬಂದ್. ನಮ್ಮಲ್ಲಿ ಪರೀಕ್ಷಾ ಟೈಮಿಗೇ ಲಗ್ನದ ಬ್ಯಾಂಡು ಬರ್ತಾವ, ಆ ಮಾತು ಬ್ಯಾರೆ.

ಈಗಿನ ಹೊಸ ಪೇಪರ್ದಾಗ ಕೇಳೂದಕ್ಕ 30, ಓದೂದಕ್ಕ 50, ಖಾಲಿ ಜಾಗಾ ತುಂಬೂದು ಗ್ರಾಮರು ಕೂಡಿ 30, ಬರಿಯೂದಕ್ಕ 40. ಎಲ್ಲಾ 2 ತಾಸಿನಾಗ. ಓದೂದ್ರಾಗ ನಾಕು ಪ್ಯಾಸೇಜು. ಮೊದಲನೇದು ಭಾಳ ಸಲ ಒಂದು ಜಾಹೀರಾತೋ, ಮ್ಯೂಸಿಯಂ ಟಿಕೀಟಿನ ರೇಟೋ, ಸೂಟಿ ಕ್ಯಾಂಪಿನ ನೋಟಿಸೋ ಇರ್ತೈತಿ. ಮುಂದ ಮುಂದ ಬಿಗಿ ಆಕ್ಕೋತ ಹೋಕ್ಕಾವ. ಮತ್ತ ಇವು ಯಾವೂ ಸಾಲಿ ಪುಸ್ತಕದಾಗ ಇದ್ದದ್ದಲ್ಲ. ನಮ್ಮ ಎಸ್ಎಸ್ಎಲ್‌ಸಿಯೊಳಗೂ ಪುಸ್ತಕದಾಗ ಇಲ್ಲದ ಪ್ಯಾಸೇಜು ಒಂದು ಬರ್ತೈತಿ, ಆದ್ರ ಅದಕ್ಕ ಮಾರ್ಕ್ಸ್ ಇಷ್ಟ ಇಷ್ಟು, ಉಳಿದದ್ದನ್ನ ಗೈಡ್ ನೋಡಿ ಬಾಯಿಪಾಠ ಹೊಡದ್ರ ಪಾಸು. ನಾ ಇಪ್ಪತ್ತೆಂಟು ವರ್ಷ ಕಲಿಸೇನಿ, ಪದ್ಯ ಬಾಯಿಪಾಠ ಬರೂ ಹುಡುಗಿಗೆ ಔಷಧ ಚೀಟಿ ಓದಾಕ ಬರ್ತಿದ್ದಿಲ್ಲ. ಅಲ್ಲಿ ಬಾಯಿಪಾಠಕ್ಕ ಏನೂ ಸಿಗಂಗಿಲ್ಲ, ಹಿಂಗಾಗಿ ಕಾಣದ್ದನ್ನ ಓದೂದ ಕಲೀಬೇಕು. ಅದಕ್ಕ ಬಸ್ಸು, ಊಟ, ಗೆಳೆಯರ ಜಗಳ, ಮಳಿ, ಮೊಬೈಲು ಹಿಂಗ ನೂರಾರು ಸಣ್ಣ ಸಣ್ಣ ಪಾಠ ಓದಸ್ತಾರ.

ಈಗ ನಿಮ್ಮ ಮಗಳು ಹೆಂಗ ಓದಬೇಕು ಕೇಳ್ರಿ. ದಿನಾ ಒಂದ, ಎರಡಲ್ಲ. ಮೊದ್ಲ ಪೆನ್ನು ಮೊಬೈಲು ಎರಡೂ ದೂರ ಇಟ್ಟು ಒಂದ ಉಸುರಿನಾಗ ಓದ್ಲಿ, ತಿಳಿಯದ್ದು ಬಿಟ್ಟು ಮುಂದ ಹೋಗ್ಲಿ. ಆಮ್ಯಾಲ ಅಡಗಿ ಮನಿಗೆ ಹೋಗಿ ಅವ್ವಗ ಕನ್ನಡದಾಗ ಹೇಳ್ಲಿ, ಅದ್ರಾಗ ಯಾರಿದ್ರು, ಏನಾತು, ಕಡೀಕ ಏನಾತು, ಅಷ್ಟ. ಅವ್ವಗ ತಿಳೀತಂದ್ರ ಮಗಳಿಗೆ ತಿಳಿದೈತಿ ಅಂತ ಅರ್ಥ. ಅವ್ವ ‘ಮತ್ತ ಆ ಹುಡುಗ ಯಾಕ ವಾಪಸ್ ಹೋದ?’ ಅಂತ ಕೇಳಿದಾಗ ಮಗಳು ತಲಿ ಕೆರಕೊಂಡ್ಳಂದ್ರ ಅಲ್ಲೇ ಗಂಟು ಐತಿ, ಮತ್ತೊಮ್ಮಿ ಓದ್ಲಿ. ಇದಾದಮ್ಯಾಲ ಎ ಬಿ ಸಿ ಡಿ. ಪ್ರತಿ ಉತ್ತರಕ್ಕೂ ಪ್ಯಾಸೇಜಿನ ಯಾವ ಸಾಲಿನಾಗ ಐತಿ ಅಂತ ಬೆರಳಿಟ್ಟು ತೋರಸ್ಬೇಕು. ಬೆರಳಿಡಾಕ ಜಾಗಾ ಸಿಗಲಿಲ್ಲಂದ್ರ ಉತ್ತರ ಸರಿ ಇದ್ರೂ ನಾ ತಪ್ಪಂತ ಹಿಡೀತೇನಿ.

ಒಂದು ಮಾತು ಮುಚ್ಚಿಡಂಗಿಲ್ಲ. ಬಸ್ಸು ಊಟದ ಪಾಠ ಓದಿ ಫಿಸಿಕ್ಸ್ ಪ್ರಶ್ನಿ ಪೂರ್ತಿ ಬಿಚ್ಚಂಗಿಲ್ಲ. ಅಲ್ಲಿ ಅಕಿನ್ನ ಕೆಡವೂದು ‘ಅಸ್ಯೂಮ್’, ‘ನೆಗ್ಲೆಕ್ಟ್’, ‘ಹೆನ್ಸ್’, ‘ರೆಸ್ಪೆಕ್ಟಿವ್ಲಿ’, ‘ಡಿರೈವ್’ ಇಂಥಾವು. ‘ನೆಗ್ಲೆಕ್ಟ್ ಏರ್ ರೆಸಿಸ್ಟೆನ್ಸ್’ ಅಂದ್ರ ಗಾಳಿ ತಡಿಯೂದನ್ನ ಲೆಕ್ಕಕ್ಕ ಹಿಡೀಬ್ಯಾಡ ಅಂತ, ಅಷ್ಟು ಗೊತ್ತಾದ್ರ ಅರ್ಧ ಲೆಕ್ಕ ಅಲ್ಲೇ ಮುಗೀತು. ನೋಟ್‌ಬುಕ್ಕಿನ ಹಿಂದಿನ ಹಾಳಿಮ್ಯಾಲ ಇಂಥಾವು ಒಂದು ನಲವತ್ತು ಬರಕೊಳ್ಳಾಕ ಹೇಳ್ರಿ, ಒಂದು ತಿಂಗಳದಾಗ ಕೂಡ್ತಾವ. ಎರಡೂ ಕೂಡೇ ನಡೀಲಿ.

ಪ್ರಶ್ನೆ: ಟೀಚರ್, ನಾನು ಗುಳೇದಗುಡ್ಡದಾಂವ, ಸೆಕೆಂಡ್ ಪಿಯುಸಿ. ಇಂಗ್ಲಿಷ್ ಓದಾಕ ಕುಂತ್ರ ಎರಡು ಶಬ್ದಕ್ಕೊಮ್ಮಿ ಮೊಬೈಲ್ ತಗದು ಅರ್ಥ ನೋಡ್ತೇನಿ, ಪ್ಯಾಸೇಜ್ ಮುಗಿಯೂದ್ರಾಗ ಮೊದಲಿಂದು ಮರ್ತಿರ್ತೈತಿ, ನಡಬರಕ ವಾಟ್ಸಾಪೂ ನೋಡಿ ಬರ್ತೇನಿ (ಖರೇ ಹೇಳೇನ್ರಿ). ಎಲ್ಲಾ ಶಬ್ದದ ಅರ್ಥ ನೋಡಿದ ಮ್ಯಾಲೂ ಸಾಲಿನ ಅರ್ಥ ಆಗಂಗಿಲ್ಲ. ಏನ್ ಮಾಡ್ಲಿ?

ಉತ್ತರ: ಖರೇ ಹೇಳಿದ್ದಕ್ಕ ನಿನಗ ಅರ್ಧ ಮಾರ್ಕ್ಸ್ ಜಾಸ್ತಿ.

ಶಬ್ದದ ಮಾತು ಮೊದ್ಲ. ನಾ ಕಲಸೂವಾಗ ಒಂದು ಸಲ ಯಾರೋ ಅಮೀನಗಡದ ಕರದಂಟಿನ ಡಬ್ಬಿ ಸ್ಟಾಫ್‌ರೂಮಿಗೆ ತಂದಿದ್ರು. ಕರದಂಟು ನಾವು ತಿಂದ್ವಿ, ಡಬ್ಬಿ ಒಂಬತ್ತನೇತ್ತಾ ಕ್ಲಾಸಿಗೆ ಒಯ್ದೆ. ಡಬ್ಬಿಮ್ಯಾಲ ಇಂಗ್ಲಿಷ್ದಾಗ ಏನೇನು ಹಾಕ್ಯಾರ ಅಂತ ಬರದಿರ್ತೈತಲ್ಲ, ಓದ್ರಿ ಅಂದೆ. ಬೆಲ್ಲ, ಗೋಡಂಬಿ, ಉತ್ತತ್ತಿ, ತುಪ್ಪ ಎಲ್ಲಾ ಬಂತು, ‘ಎಡಿಬಲ್ ಗಮ್’ ಅನ್ನೂದಕ್ಕ ನಿಂತ್ರು. ಗಮ್ ಅಂದ್ರ ಪುಸ್ತಕಕ್ಕ ರಟ್ಟು ಅಂಟಸೂ ಗಮ್ಮು, ಅದು ಕರದಂಟಿನಾಗ ಯಾಕ ಐತ್ರಿ ಅಕ್ಕಾರ, ಕಲಬೆರಕೆ ಮಾಡ್ಯಾರ್ರಿ ಅಂದ ಒಬ್ಬಾಂವ. ಡಿಕ್ಷನರಿ ಕೊಡಲಿಲ್ಲ ನಾ. ಕರದಂಟಿನ ಹೆಸರ ಒಡೀರಿ ಅಂದೆ. ಕರಿದ ಅಂಟು! ಗಿಡದ ಅಂಟು ತುಪ್ಪದಾಗ ಕರದು ಹಾಕ್ತಾರ, ಅದಕ್ಕ ಕರದಂಟು. ಹಂಗಾರ ಗಮ್ ಅಂದ್ರ ಅಂಟು, ತಿನ್ನೂ ಪದಾರ್ಥದ ಪಟ್ಟ್ಯಾಗ ಐತಿ ಅಂದಮ್ಯಾಲ ಎಡಿಬಲ್ ಅಂದ್ರ ತಿನ್ನಾಕ ಬರೂವಂಥಾದ್ದು. ಯಾರೂ ಹೇಳಲಾರದ ಸಿಕ್ತು. ಆ ಶಬ್ದ ಆ ಕ್ಲಾಸಿನವ್ರು ಯಾರೂ ಮರ್ತಿರಂಗಿಲ್ಲ ಅಂತ ನನಗ ಗ್ಯಾರಂಟಿ ಐತಿ.

ಚೀನಾದ ಪೇಪರ್ದಾಗ ಇದ ಒಂದು ನಮೂನಿ ಪ್ರಶ್ನಿ: ಮೂರನೇ ಪ್ಯಾರಾದಾಗ ಗೆರಿ ಹೊಡದ ಶಬ್ದದ ಅರ್ಥ ಏನಿರಬಹುದು? ಆ ಶಬ್ದ ಹುಡುಗೂರಿಗೆ ಗೊತ್ತಿರಬಾರದು ಅಂತನ ಆರಿಸಿರ್ತಾರ, ಸುಳುವು ಅದರ ಆಜೂಬಾಜೂ ಸಾಲಿನಾಗ ಇಟ್ಟಿರ್ತಾರ. ‘ಬಟ್’ ಇದ್ರ ಹಿಂದಿಂದಕ್ಕ ಉಲ್ಟಾ, ‘ಸಚ್ ಆ್ಯಸ್’ ಇದ್ರ ಮುಂದ ಉದಾಹರಣೆ ಬರ್ತಾವ, ಎರಡು ಅಡ್ಡಗೆರಿ (ಡ್ಯಾಶ್) ನಡುವ ಏನರ ಇದ್ರ ಅದು ಭಾಳ ಸಲ ಅರ್ಥಾನ. ನೀ ಏನ್ ಮಾಡು ಅಂದ್ರ, ಒಂದು ಪ್ಯಾಸೇಜಿಗೆ ಮೂರ ಸಲ ಮೊಬೈಲ್ ಮುಟ್ಟಾಕ ಪರ್ಮಿಷನ್, ಅದೂ ಪೂರ್ತಿ ಓದಿ ಮುಗದಮ್ಯಾಲ. ಯಾವ ಮೂರು ಅಂತ ಆರಸೂದ್ರಾಗ ನಿನಗ ಗೊತ್ತಾಗ್ತೈತಿ, ಹತ್ತರಾಗ ಏಳು ಶಬ್ದ ಇಲ್ಲದಿದ್ರೂ ಕಥಿ ನಡೀತೈತಿ ಅಂತ.

ಎಲ್ಲಾ ಶಬ್ದ ಗೊತ್ತಿದ್ದೂ ಸಾಲು ತಿಳಿಯಂಗಿಲ್ಲ ಅಂದ್ಯಲ್ಲ, ಅದು ಬ್ಯಾರೆ ರೋಗ, ಮತ್ತ ಅದು ಚೀನಾ ಹುಡುಗೂರಿಗೂ ಐತಿ. ಈ ಸಾಲು ನೋಡು: ‘ದ ಬಾಯ್ ಹೂ ಸ್ಯಾಟ್ ನಿಯರ್ ದ ವಿಂಡೋ ಲಾಸ್ಟ್ ಹಿಸ್ ಪೆನ್.’ ನನ್ನ ಕ್ಲಾಸಿನಾಗ ಇದಕ್ಕ ‘ಕಿಟಕಿ ತನ್ನ ಪೆನ್ನು ಕಳಕೊಂತು’ ಅಂತ ಬರದವ್ರಿದ್ರು. ಯಾಕಂದ್ರ ವಿಂಡೋ ಮುಗಿದ ಕೂಡ್ಲೇ ಲಾಸ್ಟ್ ಬರ್ತೈತಿ. ನಾವು ಕನ್ನಡದಾಗ ‘ಕಿಟಕಿ ಹತ್ರ ಕುಂತಿದ್ದ ಹುಡುಗ’ ಅಂತೇವಿ, ಅಂದ್ರ ಎಂಥಾ ಹುಡುಗ ಅನ್ನೂದನ್ನ ಪೂರಾ ಹೇಳಿ ಮುಗಿಸಿ ಕಡೀಕ ಹುಡುಗನ್ನ ತರ್ತೇವಿ. ಇಂಗ್ಲಿಷ್ದಾಗ ಹುಡುಗ ಮೊದ್ಲ ಬಂದು ನಿಂತ ಬಿಡ್ತಾನ, ಅಂವ ಎಂಥಾವ ಅನ್ನೂದು ಹಿಂದಿಂದ ಬರ್ತೈತಿ. ಚೀನೀ ಭಾಷಾನೂ ಈ ವಿಷಯದಾಗ ನಮ್ಮ ಹಂಗ. ‘ನಿನ್ನೆ ಬಂದ ಮನಷ್ಯಾ’ ಅನ್ನಾಕ ಅವ್ರು ‘ಝುವೊತ್ಯೆನ್ ಲಾಯ್ ದ ರೆನ್’ ಅಂತಾರ, ಅಂದ್ರ ನಿನ್ನೆ, ಬರೂದು, ‘ದ’ ಅನ್ನೂ ಕೊಂಡಿ, ಆಮ್ಯಾಲ ಮನಷ್ಯಾ. ನಮ್ಮ ಸಾಲಿನ ನಮೂನೀನ ಅಲ್ಲೇನು? ಹಿಂಗಾಗಿ ಅವ್ರ ಸಲುವಾಗಿ ಮಾಡಿದ ಪಾಠದಾಗ ಈ ‘ಹೂ’, ‘ವಿಚ್’, ‘ದ್ಯಾಟ್’ ಬರೂ ಸಾಲು ಭಾಳ ಇರ್ತಾವ, ನಮಗ ಅದು ಪುಗಸಟ್ಟೆ ಸಿಕ್ಕ ಲಾಭ. ಅಂಥಾ ಸಾಲು ಬಂದಾಗ ‘ಹೂ’ದಿಂದ ‘ವಿಂಡೋ’ತನಕ ಪೆನ್ಸಿಲ್‌ನಿಂದ ಕಂಸ ಹಾಕು, ಕಂಸ ಬಿಟ್ಟು ಓದು. ಹುಡುಗ ಪೆನ್ನು ಕಳಕೊಂಡ. ಮುಗೀತು.

ಇನ್ನೊಂದು ಹೇಳ್ತೇನಿ, ಸಮಾಧಾನಕ್ಕ. ಕನ್ನಡದಾಗ ಹೋದ, ಹೋಗ್ತಾನ ಅಂತ ಕಾಲಕ್ಕ ತಕ್ಕಂಗ ಶಬ್ದ ಬದಲಿ ಆಗ್ತೈತಿ. ಚೀನೀ ಭಾಷ್ಯಾಗ ಕ್ರಿಯಾಪದ ಹಿಂಗ ಬದಲಿ ಆಗೂದ ಇಲ್ಲ, ‘ನಿನ್ನೆ’ ‘ನಾಳೆ’ ಅಂತ ಬ್ಯಾರೆ ಶಬ್ದ ಇಟ್ಟೋ, ಕೊಂಡಿ ಹಚ್ಚಿಯೋ ತಿಳಿಸ್ತಾರ. ಹಿಂಗಾಗಿ ಗೋ, ವೆಂಟ್, ಗಾನ್ ಅಂದ್ರ ಅವ್ರಿಗೆ ನಮಗಿಂತ ಜಾಸ್ತಿ ತ್ರಾಸ. ಇಂಗ್ಲಿಷ್ದಾಗಿನ ‘ಎ’ ‘ದ’ (ಆರ್ಟಿಕಲ್) ಮಾತ್ರ ಇಬ್ಬರಿಗೂ ತಲಿಬ್ಯಾನಿ.

ಪ್ರಶ್ನೆ: ಚೀನಾದ ಪೇಪರ್ ಒಂದ್ನಾಲ್ಕು ನೋಡಿದೆ ಅಕ್ಕಾರ. ಎಲ್ಲಾದ್ರಾಗೂ ಪತ್ರ ಬರಿಯೂದಕ್ಕ ‘ನೀನು ಲಿ ಹುವಾ ಅಂತ ತಿಳ್ಕೊ’ ಅಂತ ಇರ್ತೈತಿ. ಯಾರ್ರಿ ಈ ಲಿ ಹುವಾ? (ಜಮಖಂಡಿ)

ಉತ್ತರ: ಯಾರೂ ಅಲ್ಲ. ಪರೀಕ್ಷಾದಾಗ ಹುಡುಗೂರು ತಮ್ಮ ಖರೇ ಹೆಸರು ಬರೀಬಾರದು, ಬರದ್ರ ಪೇಪರ್ ನೋಡಾವ್ರಿಗೆ ಗುರ್ತು ಸಿಗ್ತೈತಿ, ಅದಕ್ಕ ಎಲ್ಲಾರಿಗೂ ಒಂದ ಹೆಸರು. ನಮ್ಮಲ್ಲಿ ‘ಕ ಖ ಗ’ ಅಂತ ಬರಸ್ತಾರಲ್ಲ ಹಂಗ. ವರ್ಷಾನುಗಟ್ಟಲೆ ಈ ಲಿ ಹುವಾ ಫಾರಿನ್ ಗೆಳೆಯಗ ಪತ್ರ ಬರಕೋತ ಬಂದಾನ, ಊರು ನೋಡಾಕ ಬಾ, ಹಬ್ಬಕ್ಕ ಬಾ, ನನ್ನ ಇಂಗ್ಲಿಷ್ ತಿದ್ದು ಅಂತ. ಅಲ್ಲಿ ಹುಡುಗೂರು ಇವನ ಮ್ಯಾಲ ಜೋಕ್ ಮಾಡ್ತಾರ, ಇಷ್ಟು ವರ್ಷಾತು ಇನ್ನೂ ಹೈಸ್ಕೂಲ್ ಮುಗಿಸಿಲ್ಲ ಅಂತ.

ಪ್ರಶ್ನೆ: ಮೇಡಮ್, ನಾನು ಬೆಳಗಾವಿ, ಎಂಎ ಇಂಗ್ಲಿಷ್ ಮುಗಿಸಿ ಮನಿಯಿಂದನ ಬರವಣಿಗಿ ಕೆಲಸ ಮಾಡ್ತೇನಿ. ಒಂದು ಕಂಪನಿ (ಹೆಸರು ಬ್ಯಾಡ) ಚೀನಾದ ಹೈಸ್ಕೂಲ್ ಹುಡುಗೂರ ಸಲುವಾಗಿ ದಿನನಿತ್ಯದ ವಿಷಯದ ಮ್ಯಾಲ ರೀಡಿಂಗ್ ಪ್ಯಾಸೇಜ್ ಬರ್ಯಾಕ ಕೊಟ್ಟೈತಿ, ಒಂದು ಪ್ಯಾಸೇಜು, ಅದಕ್ಕ ನಾಲ್ಕು ಪ್ರಶ್ನಿ. ಆರು ಬರದು ಕಳಿಸಿದೆ, ಐದು ವಾಪಸ್ ಬಂದಾವ. ‘ಮುಂಜಾನೆ ಅಂಗಳದಾಗ ರಂಗೋಲಿ’, ‘ಅಜ್ಜಿ ಕುಂದಾ ಮಾಡಿದ ದಿನ’ ಇಂಥಾ ವಿಷಯ. ತುಂಬಾ ಹೊಸ ಸಂಗತಿ ಅದಾವ, ಪ್ರಶ್ನಿ ಸಡಿಲ ಅದಾವ ಅಂತ ಬರದಾರ. ನನ್ನ ಇಂಗ್ಲಿಷ್ ಕೆಟ್ಟೇನಿಲ್ಲ ಮೇಡಮ್, ಮತ್ತೇನು ತಪ್ಪು?

ಉತ್ತರ: ತಂಗಿ, ನೀ ಕಳಿಸಿದ ಎರಡು ಪ್ಯಾಸೇಜೂ ಓದಿದೆ. ಇಂಗ್ಲಿಷ್ ಛಲೋ ಐತಿ. ಕುಂದಾದ್ದಂತೂ ಓದಿ ಬಾಯಾಗ ನೀರು ಬಂತು. ತಪ್ಪು ಇಂಗ್ಲಿಷ್ದಾಗ ಇಲ್ಲ, ‘ದಿನನಿತ್ಯ’ ಅನ್ನೂ ಶಬ್ದದಾಗ ಐತಿ. ಯಾರ ದಿನನಿತ್ಯ? ಕುಂದಾ ನಿನಗ ದಿನನಿತ್ಯ. ಅಲ್ಲಿ ಹುಡುಗಗ ಖವಾ, ಕಡಾಯಿ, ಏಲಕ್ಕಿ, ಅಜ್ಜಿ ಸೆರಗು, ಶ್ರಾವಣ ಸೋಮವಾರ ಎಲ್ಲಾನೂ ಹೊಸದು, ಮ್ಯಾಲ ಭಾಷಾನೂ ಹೊಸದು. ಎರಡೂ ಹೊಸದಾದ್ರ ಅಂವ ಯಾವುದರ ಕೈ ಹಿಡದು ನಡೀಬೇಕು? ಸಂಗತಿ ಹಳೇದಿರ್ಲಿ, ಭಾಷಾ ಹೊಸದಿರ್ಲಿ. ಒಂದ ಒಂದು ಹೊಸ ಸಂಗತಿ ಬೇಕಾದ್ರ ಇಡು, ಅದನ್ನ ಪ್ಯಾಸೇಜಿನಾಗ ನೀನ ಬಿಡಿಸಿ ಹೇಳು. ಹಂಗ ನೋಡಿದ್ರ ಕುಂದಾದ ಮ್ಯಾಲ ಬರೀಬಹುದು, ಆದ್ರ ಪೂರಾ ಪ್ಯಾಸೇಜು ಕುಂದಾ ಹೆಂಗ ಮಾಡ್ತಾರ ಅನ್ನೂದರ ಸುತ್ತ ಇರ್ಬೇಕು, ಅಜ್ಜಿ ಶ್ರಾವಣ ಸೆರಗು ಎಲ್ಲಾ ಹೊರಗ.

ಅಲ್ಲಿಯ ಹುಡುಗೂರ ದಿನ ಹೆಂಗಿರ್ತೈತಿ ಅಂತ ಮನಸಿನಾಗ ತಂದ್ಕೊ. ಹೈಸ್ಕೂಲ್ ಅಂದ್ರ ಮೂರು ವರ್ಷ, ನಮ್ಮ ಹತ್ತು, ಹನ್ನೊಂದು, ಹನ್ನೆರಡು. ಭಾಳ ಮಂದಿ ಹಾಸ್ಟೆಲಿನಾಗ. ರಾತ್ರಿ ಊಟ ಆದಮ್ಯಾಲೂ ಕ್ಲಾಸಿನಾಗ ಕುಂತು ಓದೂದು, ಅದಕ್ಕ ‘ವಾನ್ ಝಿಶಿ’ ಅಂತಾರ, ಸಂಜಿ ಸ್ವಂತ ಓದು. ನಡುವ ಕಣ್ಣಿನ ವ್ಯಾಯಾಮ, ಕಣ್ಣಿನ ಸುತ್ತ ಬೆರಳಿನಿಂದ ಒತ್ತಿಕೊಳ್ಳೂದು, ಸಾಲ್ಯಾಗ ಸ್ಪೀಕರ್ ಹಚ್ಚಿ ಎಲ್ಲಾರ ಕಡೆಯಿಂದ ಒಮ್ಮೆಲೆ ಮಾಡಸ್ತಾರ. ಮಧ್ಯಾಹ್ನ ಒಂದು ಜೊಂಪು ನಿದ್ದಿ. ಕಾಯಿಪಲ್ಲೆ ಅಂಗಡ್ಯಾಗೂ ಫೋನಿನಿಂದ ಸ್ಕ್ಯಾನ್ ಮಾಡಿ ರೊಕ್ಕ ಕೊಡೂದು, ಇದು ಈಗ ನಮ್ಮ ಖಡೇಬಜಾರದಾಗೂ ಐತಿ ಅಲ್ಲ, ಇಲ್ಲೇ ನಿನಗೂ ಅವ್ರಿಗೂ ಕೂಡೂ ಜಾಗಾ ಸಿಕ್ತು ನೋಡು! ಅವ್ರ ಸಿಲೆಬಸ್ದಾಗ ವಿಷಯನ ಮೂರು ಪಾಲು ಮಾಡ್ಯಾರ: ಮನಷ್ಯಾ ಮತ್ತ ತಾನು, ಮನಷ್ಯಾ ಮತ್ತ ಸಮಾಜ, ಮನಷ್ಯಾ ಮತ್ತ ನಿಸರ್ಗ. ನೀ ಬರಿಯೂ ಪ್ರತಿಯೊಂದೂ ಈ ಮೂರರಾಗ ಒಂದಕ್ಕ ಕುಂಡರಬೇಕು.

ನಾ ಒಂದು ಹೇಳ್ತೇನಿ, ಬೇಕಾದ್ರ ತಗೊ. ಒಬ್ಬ ಅಜ್ಜಿ, ಫೋನಿನಿಂದ ರೊಕ್ಕ ಕೊಡೂದು ಹೊಸದಾಗಿ ಕಲ್ತಾಳ. ಸಂತ್ಯಾಗ ಮೂಲಂಗಿ, ಕೋಸು ತಗೊಂಡ್ಳು, ರೊಕ್ಕ ಕೊಡಬೇಕಂದ್ರ ‘ದ ಫೋನ್ ವಾಸ್ ಡೆಡ್’. ಮಾರಾಕಿ, ಇರ್ಲಿ ನಾಳೆ ಕೊಡು, ಕೋಸು ತಾಜಾ ಐತಿ ಇವತ್ತ ಅಡಗಿ ಮಾಡು ಅಂದ್ಳು. ಮರುದಿನ ಮುಂಜಾನೆ ಮಳಿ, ಆದ್ರೂ ಅಜ್ಜಿ ಛತ್ರಿ ಹಿಡದು ಸಂತಿಗೆ ಹೋದ್ಳು, ಕೈಯಾಗ ನೋಟು. ಇಷ್ಟ. ಇದ್ರಾಗ ‘ಡೆಡ್’ ನೋಡು. ಸತ್ತದ್ದು ಅಂತ ಅರ್ಥ ಎಲ್ಲಾರಿಗೂ ಗೊತ್ತು, ಫೋನ್ ಸಾಯೂದು ಹೆಂಗ? ಚೀನೀದಾಗ ಫೋನಿಗೆ ಕರೆಂಟ್ ಇಲ್ಲ ಅಂತಾರ, ನಾವು ಚಾರ್ಜ್ ಇಲ್ಲ ಅಂತೇವಿ. ಹಳೇ ಶಬ್ದಕ್ಕ ಹೊಸ ಅರ್ಥ, ಸುಳುವು ಕಥಿಯಾಗನ ಐತಿ.

ಈಗ ಪ್ರಶ್ನಿ. ಮರುದಿನ ಅಜ್ಜಿ ಸಂತಿಗೆ ಯಾಕ ಹೋದ್ಳು? ಎ: ಕೋಸು ಕೆಟ್ಟಿತ್ತು. ಬಿ: ಬಾಕಿ ಕೊಡಾಕ. ಸಿ: ಫೋನ್ ರಿಪೇರಿಗೆ. ಡಿ: ಛತ್ರಿ ತಗೊಳಾಕ. ತಪ್ಪು ಉತ್ತರ ಮೂರಕ್ಕೂ ಪ್ಯಾಸೇಜಿನಾಗಿನ ಒಂದೊಂದು ಶಬ್ದದ ವಾಸನಿ ಐತಿ, ಕೋಸು, ಫೋನು, ಛತ್ರಿ. ಅರ್ಧಂಬರ್ಧ ಓದಿದಾಂವ ಇಲ್ಲೇ ಬೀಳ್ತಾನ. ನಿನ್ನ ಪ್ರಶ್ನಿ ‘ಕುಂದಾ ಯಾವ ಊರಿನ ಪ್ರಸಿದ್ಧ ತಿನಿಸು?’, ಆಯ್ಕಿ ಬೆಳಗಾವಿ, ಲಂಡನ್, ಪ್ಯಾರಿಸ್, ಟೋಕಿಯೋ. ತಂಗಿ, ಇದನ್ನ ಪ್ಯಾಸೇಜ್ ಓದಲಾರದಾಂವನೂ ಹೊಡೀತಾನ. ಸಡಿಲ ಅಂದದ್ದು ಇದಕ್ಕ. ನಾಕು ಪ್ರಶ್ನಿಯೊಳಗ ಒಂದು ಇದ್ದದ್ದು ಇದ್ದಂಗ ಹುಡುಕೂದು, ಒಂದು ಶಬ್ದದ ಅರ್ಥ, ಒಂದು ‘ಮಾರಾಕಿ ಎಂಥಾಕಿ’ ಅಂತ ಬರಿಯದ್ದನ್ನ ಊಹಿಸೂದು, ಒಂದು ಇದಕ್ಕ ಛಲೋ ಹೆಸರು ಯಾವುದು ಅನ್ನೂದು ಇಟ್ರ ಸಾಕು. ಬರದಮ್ಯಾಲ ನಿನ್ನ ತಮ್ಮಗ ಪ್ಯಾಸೇಜ್ ಮುಚ್ಚಿ ಬರೇ ಪ್ರಶ್ನಿ ತೋರ್ಸು. ಅಂವ ಹೊಡದ್ರ ಪ್ರಶ್ನಿ ಹರದು ಒಗಿ.

ನಮ್ಮ ಇಂಗ್ಲಿಷ್ ಕೂಡ ಜರಾ ಜ್ವಾಕಿ. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ‘ಪಾಸ್ಡ್ ಔಟ್ ಇನ್ 2019’ ಇವೆಲ್ಲಾ ನಮಗ ದೇವರಂಥಾ ಇಂಗ್ಲಿಷ್, ಅಲ್ಲಿ ನಡಿಯಂಗಿಲ್ಲ. ಲಕ್ಷ ಕೋಟಿನೂ ಹಂಗ. ಅವ್ರು ಹತ್ತು ಸಾವಿರಕ್ಕ ‘ವಾನ್’ ಅಂತಾರ, ಹತ್ತು ಕೋಟಿಗೆ ‘ಯಿ’. ಮಿಲಿಯನ್ ಬಂತಂದ್ರ ಅವ್ರೂ ನಮ್ಮಂಗ ಬೆರಳು ಎಣಿಸೂವ್ರ, ಹಿಂಗಾಗಿ ದೊಡ್ಡ ಅಂಕಿ ಇರೂ ಒಂದು ಪ್ರಶ್ನಿ ಇಟ್ಟಿ ಅಂದ್ರ ಪರೀಕ್ಷಾ ಛಲೋ ಆಕ್ಕೈತಿ.

ಪತ್ರದ ಕೆಳಗ ನಿನ್ನ ಗೆಳತಿ ಚೀನಾದ ಸಣ್ಣ ಹುಡುಗೂರಿಗೆ ಇಲ್ಲಿಂದನ ವಿಡಿಯೋದಾಗ ಕಲಸ್ಬೇಕಂತಾಳ ಅಂತ ಬರದಿದ್ದಿ. ಹುಷಾರ್ ಅನ್ನು. 2021ರ ಜುಲೈದಾಗ ಅಲ್ಲಿಯ ಸರ್ಕಾರ ಟ್ಯೂಷನ್ ಮ್ಯಾಲ ಬಿಗಿ ನಿಯಮ ತಂದು, ಹೊರದೇಶದಾಗ ಕುಂತ ಫಾರಿನ್ ಟೀಚರ್ ಇಟ್ಕೊಂಡು ಟ್ಯೂಷನ್ ಹೇಳಸೂದು ಬಂದ್ ಮಾಡೈತಿ. ಬರವಣಿಗಿ ಕೆಲಸದಾಗೂ ಆರು ಬರಿಯೂದರೊಳಗ ಒಂದರ ರೊಕ್ಕ ಕೈಗೆ ಬಂತಾ ನೋಡ್ಕೊ, ಐದು ವಾಪಸ್ ಕಳಸೂವ್ರು ಒಂದಕ್ಕ ಎಷ್ಟು ಕೊಟ್ರು ಅಂತ ನೀ ಬರದೇ ಇಲ್ಲ.

ಪ್ರಶ್ನೆ: ಅಕ್ಕಾರ, ನಾನು ಇಂಡಿ ತಾಲೂಕಿನ ಸರ್ಕಾರಿ ಹೈಸ್ಕೂಲ್ ಮಾಸ್ತರ. ಕ್ಲಾಸಿನಾಗ 60 ಹುಡುಗೂರು, ಝೆರಾಕ್ಸಿಗೆ ರೊಕ್ಕ ಇಲ್ಲ. ಈ ಚೀನಾ ನಮೂನಿ ಪ್ರ್ಯಾಕ್ಟೀಸ್ ಒಂದ ಒಂದು ಹೇಳ್ರಿ, ಬೋರ್ಡು ಖಡು ಇಟ್ಕೊಂಡು ಮಾಡೂವಂಥಾದ್ದು.

ಉತ್ತರ: ಸರ್, ‘ಏಳರಾಗ ಐದು’ ಮಾಡಸ್ರಿ. ಅವ್ರ ಪೇಪರಿನಾಗ ಇದು ಕಾಯಂ ಇರೂ ಪ್ರಶ್ನಿ. ಪ್ಯಾಸೇಜಿನಾಗ ಐದು ಸಾಲು ತಗದು ಖಾಲಿ ಬಿಟ್ಟಿರ್ತಾರ, ಕೆಳಗ ಏಳು ಸಾಲು ಕೊಟ್ಟಿರ್ತಾರ, ಎರಡು ಸುಳ್ಳು. ಯಾವುದು ಎಲ್ಲಿ ಕುಂಡರ್ತೈತಿ ಹೇಳ್ಬೇಕು. ಗ್ರಾಮರ್ ಅಲ್ಲ ಇದು, ಮಾತಿಗೆ ಮಾತು ಹೆಂಗ ಕೂಡ್ತೈತಿ ಅನ್ನೂದು.

ನಾ ಮಾಡಿದ್ದು ಹೇಳ್ತೇನಿ. ವಿಷಯ ಜ್ವಾಳದ ರೊಟ್ಟಿ. ಬೋರ್ಡಿನಮ್ಯಾಲ ಸಾದಾ ಇಂಗ್ಲಿಷ್ದಾಗ ಎಂಟು ಹತ್ತು ಸಾಲು: ಹಿಟ್ಟು ತಗೊ, ಕುದಿಯೂ ನೀರು ಹಾಕು, ನಾದು, ಬಡಿ, ಹಂಚಿನಮ್ಯಾಲ ಹಾಕು, ಮ್ಯಾಲ ನೀರು ಸವರು, ತಿರುವಿ ಹಾಕು. ನಡುನಡುವ ಐದು ಸಾಲು ಖಾಲಿ. ಆ ಸಾಲು ಹಳೇ ಕ್ಯಾಲೆಂಡರ್ ಹಿಂದ ದೊಡ್ಡ ಅಕ್ಷರದಾಗ ಬರದು ಏಳು ಪಟ್ಟಿ ಕತ್ತರಿಸಿ ಏಳು ಹುಡುಗೂರ ಕೈಗೆ ಕೊಟ್ಟೆ, ಅವ್ರು ಮುಂದ ಬಂದು ಹಿಡಕೊಂಡು ನಿಲ್ಲಬೇಕು, ಉಳಿದವ್ರು ನೀ ಇಲ್ಲಿ ನಿಲ್ಲು ಅಲ್ಲಿ ನಿಲ್ಲು ಅಂತ ಒದರಬೇಕು. ಒಂದು ಪಟ್ಟಿಮ್ಯಾಲ ‘ಅದರ್‌ವೈಸ್ ದ ಎಡ್ಜಸ್ ವಿಲ್ ಕ್ರ್ಯಾಕ್’ ಅಂತಿತ್ತು. ‘ಇಲ್ಲಂದ್ರ’ ಅಂತ ಶುರು ಆಗೈತಿ ಅಂದ್ರ ಅದರ ಹಿಂದ ಏನೋ ಮಾಡು ಅಂತ ಹೇಳಿರ್ಬೇಕು, ಅಂಚು ಒಡೀತಾವ ಅಂತೈತಿ ಅಂದ್ರ ಅದು ಕುದಿಯೂ ನೀರಿನ ಸಾಲಿನ ಬೆನ್ನಿಗೆ. ಗೋದಿ ಹಿಟ್ಟಿನಾಗ ಇರೂ ಜಿಗಿ ಜ್ವಾಳದ ಹಿಟ್ಟಿನಾಗ ಇಲ್ಲ, ತಣ್ಣೀರಿನಾಗ ಕಲಸಿದ್ರ ರೊಟ್ಟಿ ಒಡೀತೈತಿ, ಇದು ಕ್ಲಾಸಿನ ಹುಡುಗಿಯರಿಗೆಲ್ಲಾ ಗೊತ್ತು. ಇಂಗ್ಲಿಷ್ದಾಗ ಯಾವತ್ತೂ ಬಾಯಿ ಬಿಡಲಾರದ ಹಿಂದಿನ ಬೆಂಚಿನ ಹುಡುಗಿ ಅವತ್ತ ‘ಅಲ್ಲಿ ಅಲ್ರೀ ಅಕ್ಕಾರ, ನೀರಿನ ಮುಂದ!’ ಅಂತ ಒದರಿದ್ಳು.

ಮೊದಲನೇ ಸಲ ಗದ್ದಲ ಭಾಳ ಆಕ್ಕೈತಿ, ಬಾಜೂ ಕ್ಲಾಸಿನ ಮಾಸ್ತರಿಗೆ ಮೊದ್ಲ ಹೇಳಿ ಇಡ್ರಿ.

ಪ್ರಶ್ನೆ: ಇಷ್ಟೆಲ್ಲಾ ಓದಿದ್ರ ಇಂಗ್ಲಿಷ್ ಮಾತಾಡಾಕ ಬರ್ತೈತೇನ್ರಿ? (ಇಳಕಲ್)

ಉತ್ತರ: ಇಲ್ರೀ. ಇಷ್ಟು ಓದಿಸೂ ಚೀನಾದಾಗನ ಇದಕ್ಕ ‘ಯಾಬಾ ಯಿಂಗ್‌ಯೂ’ ಅಂತ ಹೆಸರಿಟ್ಟಾರ, ಮೂಕ ಇಂಗ್ಲಿಷ್ ಅಂತ ಅರ್ಥ. ಪೇಪರಿನಾಗ ನೂರಾ ನಲವತ್ತು ತಗೊಂಡಾಂವ ದಾರಿ ಕೇಳಿದ ಫಾರಿನರ್ ಮುಂದ ನಿಂತು ಬೆವರ್ತಾನ ಅಂತ ಅವ್ರ ಆಡ್ಕೊತಾರ. ಎ ಬಿ ಸಿ ಡಿ ಹೊಡಿಯಾಕ ನಾಲಿಗಿ ಬೇಕಾಗಿಲ್ಲಲ್ಲ. ಈಗೀಗ ಅಲ್ಲಿ ಇನ್ನೊಂದು ನಮೂನಿ ಪ್ರಶ್ನಿ ತಂದಾರ: ಅರ್ಧ ಕಥಿ ಕೊಡ್ತಾರ, ಮುಂದಿನ ಎರಡು ಪ್ಯಾರಾದ ಮೊದಲ ಸಾಲೂ ಕೊಡ್ತಾರ, ಉಳಿದ ಕಥಿ ಹುಡುಗ ಸುಮಾರು 150 ಶಬ್ದದಾಗ ತಾನ ಬರ್ದು ಮುಗಿಸ್ಬೇಕು. ಇದಕ್ಕ 25 ಮಾರ್ಕ್ಸ್. ಓದಿದ್ದು ಕೈಗೆ ಬರಾಕ ಇದು ಛಲೋ, ಬಾಯಿಗೆ ಮಾತ್ರ ಬ್ಯಾರೆ ದುಡಿತ ಬೇಕು.

ನಾ ಹೇಳೂದಿಷ್ಟ: ಓದಿದ ಪ್ಯಾಸೇಜನ್ನ ದಿನಾ ಒಂದು ಸಲ ಗಟ್ಟಿಯಾಗಿ ಓದ್ರಿ, ಆಮ್ಯಾಲ ಮುಚ್ಚಿ ತಪ್ಪೋ ಒಪ್ಪೋ ನಿಮ್ಮ ಮಾತಿನಾಗ ಹೇಳ್ರಿ, ಫೋನಿನಾಗ ರೆಕಾರ್ಡ್ ಮಾಡ್ಕೊರಿ. ನನ್ನ ಕ್ಲಾಸಿನ ಒಬ್ಬ ಹುಡುಗಿ ಘಟಪ್ರಭಾ ದಂಡಿಮ್ಯಾಲ ಎಮ್ಮಿ ಮೇಯಿಸೂವಾಗ ಎಮ್ಮಿ ಮುಂದ ಇಂಗ್ಲಿಷ್ ಓದ್ತಿದ್ಳು, ಎಮ್ಮಿ ನಗಂಗಿಲ್ಲಲ್ರೀ ಅಕ್ಕಾರ ಅಂತಿದ್ಳು. ನಿಮ್ಮನ್ಯಾಗ ಎಮ್ಮಿ ಇಲ್ಲಂದ್ರ ಅಜ್ಜನ ಮುಂದ ಓದ್ರಿ.

ಸ್ಪೆಲ್ಲಿಂಗ್ ಬಗ್ಗೆ ಬಂದ ಮೂರು ಪತ್ರ ಉಳದಾವ, ಬರೂ ತಿಂಗಳು ಬರೀತೇನಿ.